ತಂಗಿ ಓದಿದ ಪುಟಗಳು ನನ್ನ ಫೋನಿನಲ್ಲಿ

ನನ್ನ ತಂಗಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅವಳು ಗಂಡನ ಮನೆಯಲ್ಲಿ ಕೂತು ಓದುವ ಪ್ರತಿ ಪುಟವೂ ನನ್ನ ಫೋನಿನಲ್ಲಿ ಕಾಣುತ್ತದೆ ಎಂಬ ಮಾತು. ಗೊತ್ತಾದ ದಿನವೇ ಹೇಳಿದ್ದರೆ ಅವಳು ಒಂದಿಷ್ಟು ಬೈದು ಸುಮ್ಮನಾಗುತ್ತಿದ್ದಳು. ಅಂದು ಹೇಳಲಿಲ್ಲ, ಆಮೇಲೆ ಹೇಳುವುದಕ್ಕೆ ಬಾಯಿ ಬರಲಿಲ್ಲ, ಕೊನೆಗೆ ನನ್ನ ತಪ್ಪು ಇನ್ನೊಬ್ಬರ ತಲೆಯ ಮೇಲೆ ಬೀಳುವಾಗ ಅಲ್ಲಿಯೇ ನಿಂತು ನೋಡಿದೆ.

ನಾನು ಹೆಚ್ಚು ಓದಿದವನಲ್ಲ. ಏಳನೇ ಇಯತ್ತೆ ಮುಗಿಸಿ ಅಪ್ಪನ ಹೊಲಿಗೆ ಯಂತ್ರದ ಮುಂದೆ ಕೂತವನು. ಸಂಶಿಯಲ್ಲಿ ಬಸ್ ನಿಲ್ಲುವ ಜಾಗದ ಹಿಂದಿನ ಸಾಲಿನಲ್ಲಿ ನನ್ನ ಅಂಗಡಿ. ಹೆಣ್ಣುಮಕ್ಕಳ ಕುಬಸ ಹೊಲಿಯುತ್ತೇನೆ. ಬೇರೆ ಕಡೆಯವರು ರವಿಕೆ ಅನ್ನುವುದನ್ನು ನಾವು ಕುಬಸ ಅನ್ನುತ್ತೇವೆ. ಈ ಕೆಲಸಕ್ಕೆ ಒಂದು ನೇಮವಿದೆ. ಕತ್ತರಿ ಕೈಗೆ ಕೊಡುವ ಮೊದಲೇ ಅಪ್ಪ ಅದನ್ನು ಕಲಿಸಿದ್ದ. ಒಬ್ಬಾಕೆಯ ಅಳತೆಯನ್ನು ಇನ್ನೊಬ್ಬಾಕೆಯ ಮುಂದೆ ಬಾಯಿ ಬಿಡಬಾರದು. ಯಾರ ಮೈ ಇಳಿದಿದೆ, ಯಾರ ಮೈ ತುಂಬಿಕೊಂಡಿದೆ, ಯಾರ ಕುಬಸದ ಹೊಲಿಗೆ ಬಿಚ್ಚಿ ಸಡಿಲ ಮಾಡಬೇಕಾಗಿದೆ ಅನ್ನುವುದು ಟೇಲರನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಗಂಡನಿಗೆ ಹೇಳುವ ಮುಂಚೆಯೇ ನನ್ನ ಹತ್ತಿರ ಬಂದು, ಬಾಜೂದ್ದು ಹೊಲಿಗಿ ಸ್ವಲ್ಪ ಬಿಡ್ರಿ ಅಂದವರಿದ್ದಾರೆ. ನಾನು ತಲೆ ಎತ್ತದೆ ಹೂಂ ಅನ್ನುತ್ತೇನೆ. ಊರಿನ ಅಷ್ಟು ಮನೆಗಳ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡವನಿಗೆ ಒಡಹುಟ್ಟಿದವಳದೊಂದನ್ನು ಇಟ್ಟುಕೊಳ್ಳಲು ಆಗಲಿಲ್ಲ.

ತಂಗಿ ನನ್ನ ಹಾಗಲ್ಲ, ಬಿ.ಎ. ಮುಗಿಸಿದವಳು. ಕಲಘಟಗಿ ಕಡೆಯ ದುಮ್ಮವಾಡಕ್ಕೆ ಕೊಟ್ಟೆವು. ಅವಳ ಗಂಡ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾನೆ, ಬೆಳಿಗ್ಗೆ ಸಂಜೆ ಹೊಲ ನೋಡುತ್ತಾನೆ. ಒಳ್ಳೆಯ ಮನೆ, ತುಂಬಿದ ಮನೆ. ಅಲ್ಲಿ ಯಾರ ಸಾಮಾನೂ ಅವರೊಬ್ಬರದೇ ಆಗಿರುವುದಿಲ್ಲ. ಅವಳು ಕಿಟಕಿಯಲ್ಲಿಟ್ಟ ಪುಸ್ತಕವನ್ನು ಹಿಟ್ಟು ಕಡ ಕೇಳಲು ಬಂದವರೂ ಎತ್ತಿ ನೋಡುತ್ತಿದ್ದರು.

ಮದುವೆಯಾದ ಮೇಲೆ ಎರಡು ಸಲ ಅವಳಿಗೆ ಬಸುರು ನಿಂತದ್ದು ಉಳಿಯಲಿಲ್ಲ. ಮೊದಲ ಸಲ ಐದನೇ ತಿಂಗಳ ಕುಬಸದ ಕಾರ್ಯವಾಗಿ ಓಣಿಯವರೆಲ್ಲ ಉಂಡು ಹೋಗಿದ್ದರು. ಅದು ಹೋದ ಮೇಲೆ ಅದೇ ಹೆಂಗಸರು ಅಂಗಳದಲ್ಲಿ ಕೂತು, ಏನು ತಿಂದಿದ್ದಿ, ಯಾವ ಕಡೆ ಮಗ್ಗಲಾಗಿ ಮಲಗಿದ್ದಿ ಎಂದು ಕೇಳತೊಡಗಿದರು. ಎರಡನೇ ಸಲವೂ ಹಾಗೆಯೇ ಆಯಿತು. ಮನಸ್ಸು ಕುಗ್ಗಿದವರಿಗಾಗಿ ಒಬ್ಬ ಡಾಕ್ಟರು ಬರೆದ ಪುಸ್ತಕ ತರಿಸಿಕೊಂಡು ಓದುತ್ತಿದ್ದಳಂತೆ. ಪಕ್ಕದ ಮನೆಯಾಕೆ ಅದನ್ನು ಎತ್ತಿಕೊಂಡು ಹೆಸರನ್ನು ಅಂಗಳಕ್ಕೆಲ್ಲ ಕೇಳುವ ಹಾಗೆ ಓದಿದಳು. ಅಂದಿನಿಂದ ತಂಗಿ ಪುಸ್ತಕಕ್ಕೆ ಪೇಪರಿನ ರಟ್ಟು ಹಾಕಿದಳು. ರಟ್ಟು ಹಾಕಿದ್ದರಿಂದ ಅದನ್ನು ಎತ್ತಿ ನೋಡುವವರು ಇನ್ನೂ ಹೆಚ್ಚಾದರು. ಆ ದಿನಗಳಲ್ಲಿ ಅವಳು ಅವ್ವನಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ.

"ಮುಂದಿನ ಸಲ ಯಾರಿಗೂ ಹೇಳಂಗಿಲ್ಲ ಬೇ. ನಿನಗೂ ಹೇಳಂಗಿಲ್ಲ."

ಪಂಚಮಿಗೆ ಅಣ್ಣನಾದವನು ತಂಗಿಯನ್ನು ತವರಿಗೆ ಕರೆತಂದು ಸೀರೆ ಕೊಡುವುದು ನಮ್ಮ ಕಡೆಯ ರೂಢಿ. ಆ ವರ್ಷ ನಾನು ಸೀರೆ ಬಿಟ್ಟು ಹುಬ್ಬಳ್ಳಿಯ ಅಂಗಡಿಯೊಂದರಿಂದ ಇ-ರೀಡರ್ ತಂದೆ. ಶಾಲೆಯ ಪಾಟಿಯಷ್ಟು ದೊಡ್ಡದು, ಕಾಗದದಂತೆ ಬೆಳ್ಳಗಿನ ಪರದೆ, ಎಷ್ಟು ಪುಸ್ತಕ ಹಾಕಿದರೂ ಭಾರವಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನಿಂದ ನೋಡಿದರೆ ಒಳಗೆ ಯಾವ ಪುಸ್ತಕವಿದೆ ಅಂತ ತಿಳಿಯುವುದಿಲ್ಲ. ಅವಳ ಕೈಯಲ್ಲಿ ಇಡುವಾಗ, ಇದರಾಗ ನೀ ಏನು ಓದಿದ್ರೂ ಒಂದು ಪಿಳ್ಳಿಗೂ ಗೊತ್ತಾಗಂಗಿಲ್ಲ ಅಂತ ಜಂಬದಿಂದ ಹೇಳಿದೆ. ಅವಳು ಶೇಂಗಾ ಉಂಡಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು.

ಅಂಗಡಿಯವನು ಅದನ್ನು ಚಾಲೂ ಮಾಡಿಕೊಡುವಾಗ ಫೋನ್ ನಂಬರು ಕೇಳಿದ್ದ. ತಂಗಿಗೆ ಗೊತ್ತಾಗದ ಹಾಗೆ ಕೊಡಬೇಕೆಂದು ನನ್ನದೇ ನಂಬರು, ನನ್ನದೇ ಮೇಲ್ ವಿಳಾಸ ಕೊಟ್ಟೆ. ಪುಸ್ತಕಗಳನ್ನು ನಿಮ್ಮ ಫೋನಿನಿಂದಲೇ ಕೊಳ್ಳಿ, ಆಕೆಗೆ ತಾನಾಗಿಯೇ ಹೋಗಿ ಮುಟ್ಟುತ್ತದೆ ಎಂದು ನನ್ನ ಫೋನಿನಲ್ಲೂ ಅದರ ಆ್ಯಪ್ ಹಾಕಿದ. ಪರದೆಯ ಮೇಲೆ ಉದ್ದುದ್ದ ಬರಹ ಬಂದಾಗೆಲ್ಲ ಅವನು ತೋರಿಸಿದಲ್ಲಿ, ಒಪ್ಪಿದೆ ಎಂದು ಒತ್ತುತ್ತಾ ಹೋದೆ. ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಅಲ್ಲಿಂದ ಇಲ್ಲಿಗೂ ಬರುತ್ತದೆ ಎಂದು ನಾನು ಯೋಚಿಸಲಿಲ್ಲ.

ದಸರಾ ಹೊತ್ತಿಗೆ ಅದು ತಿಳಿಯಿತು. ಮಧ್ಯಾಹ್ನ ಬುತ್ತಿ ಉಂಡು, ಅವಳು ಕೇಳಿದ್ದ ಒಂದು ಕಾದಂಬರಿ ಬಂದಿದೆಯೋ ಇಲ್ಲವೋ ನೋಡಲು ಆ್ಯಪ್ ತೆರೆದೆ. ಒಂದು ಸಣ್ಣ ಚೌಕಟ್ಟು ಮೇಲೆ ಬಂತು. ನಿಮ್ಮ ಇನ್ನೊಂದು ಸಾಧನದಲ್ಲಿ ಇಲ್ಲಿಯವರೆಗೆ ಓದಿದ್ದೀರಿ, ಅಲ್ಲಿಗೆ ಹೋಗಬೇಕೇ ಎಂದು ಕೇಳಿತು. ಹೋಗಬೇಕು ಅಂತ ಒತ್ತಿದೆ. ಕಾದಂಬರಿಯ ನಡುಮಧ್ಯದ ಪುಟ ತೆರೆಯಿತು. ಅಲ್ಲಿ ಎರಡು ಸಾಲುಗಳ ಮೇಲೆ ಹಳದಿ ಬಳಿದಿತ್ತು. ತಾಯಿ ಸತ್ತ ಹುಡುಗಿಯೊಬ್ಬಳು ನೀರು ಸೇದುತ್ತಾ ತನ್ನಷ್ಟಕ್ಕೆ ಮಾತಾಡುವ ಸಾಲುಗಳು. ನಮ್ಮ ತಂಗಿ ಅಲ್ಲಿ ದುಮ್ಮವಾಡದಲ್ಲಿ ಬೆರಳಿಟ್ಟು ಎಳೆದ ಗೆರೆ ನನ್ನ ಅಂಗೈಯಲ್ಲಿತ್ತು.

ನಿಜ ಹೇಳಬೇಕೆಂದರೆ ಮೊದಲಿಗೆ ನನಗೆ ಖುಷಿಯಾಯಿತು. ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟದವನು ನಾನು. ಅವಳು ಓದಿದಲ್ಲೇ ಓದುತ್ತಾ ಹೋದೆ. ಗುಂಡಿ ಹಚ್ಚಲು ಕೊಟ್ಟ ಕುಬಸಗಳು ಬರುವವರೆಗೆ ಒಂದು ಪುಟ, ಚಹಾ ಬರುವವರೆಗೆ ಒಂದು ಪುಟ. ಅವಳು ಬೇಗ ಓದುತ್ತಿದ್ದಳು, ನಾನು ಅಕ್ಷರ ಕೂಡಿಸಿಕೊಂಡು ಹಿಂದೆ ಹಿಂದೆ. ಚಿಕ್ಕವರಿದ್ದಾಗ ಶಾಲೆಗೆ ನನ್ನ ಹಿಂದೆ ಅವಳು ಓಡಿಬರುತ್ತಿದ್ದಳು, ಈಗ ಅವಳ ಹಿಂದೆ ನಾನು. ಹಾಗೆ ಅಂದುಕೊಂಡು ನನಗೆ ನಾನೇ ಒಪ್ಪಿಸಿಕೊಂಡೆ. ಹಳದಿ ಸಾಲುಗಳನ್ನು ಮಾತ್ರ ಮೊದಲು ಹುಡುಕುತ್ತಿದ್ದೆ ಅನ್ನುವುದನ್ನು ನನಗೂ ಹೇಳಿಕೊಳ್ಳಲಿಲ್ಲ.

ಫೋನಿನಲ್ಲಿ ಮಾತಾಡುವಾಗ ಅವಳು ಓದಿದ್ದರ ಸುಳಿವು ನನ್ನ ಮಾತಿನಲ್ಲಿ ಬರತೊಡಗಿತು. ಒಮ್ಮೆ ಅವಳು ಒಂಟಿತನದ ಬಗ್ಗೆ ಗೆರೆ ಎಳೆದಿದ್ದಳು. ಮರುದಿನ ಫೋನ್ ಮಾಡಿ, ಬೇಜಾರಾದ್ರ ನಾಲ್ಕು ದಿನ ಬಂದು ಹೋಗು ಅಂದೆ. ಅಣ್ಣ, ನಾ ಬಾಯಿ ಬಿಡೂಕಿಂತ ಮೊದಲ ನಿನಗ ಹೆಂಗ ತಿಳೀತದೋ ಅಂದಳು. ಅವಳ ದನಿಯಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ, ಆಗ ಹೇಳಬೇಕಿದ್ದ ಮಾತನ್ನು ನುಂಗಿಕೊಂಡೆ. ಇಷ್ಟು ಒಳ್ಳೆಯ ಅಣ್ಣನೆಂಬ ಹೆಸರು ಹೋಗುತ್ತದಲ್ಲ ಅನ್ನುವ ಭಯ.

ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಮಿಂದು ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಾಳೆ. ಆ ಹೊತ್ತಿನಲ್ಲಿ ನಾವು ಆ ಕಡೆ ಹಾಯುವುದೂ ಇಲ್ಲ. ಏನು ಬೇಡಿಕೊಂಡೆ ಅಂತ ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳನ್ನು ಯಾರೂ ಕೇಳಿಲ್ಲ. ಕೇಳಬಾರದು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ, ಅದು ಮನೆಯಲ್ಲಿದ್ದ ಬುದ್ಧಿ. ಆ ಬುದ್ಧಿ ಫೋನು ಹಿಡಿದಾಗ ನನಗೆ ಬರಲಿಲ್ಲ.

ಯುಗಾದಿ ಆಗಿ ಕೆಲವು ವಾರ ಕಳೆದಿರಬೇಕು. ಆ್ಯಪ್ ತೆರೆದರೆ ಹೊಸ ಪುಸ್ತಕವೊಂದು ಕೂತಿತ್ತು. ಅದನ್ನು ಕೇಳಿದವನೂ ಕೊಂಡವನೂ ನಾನಲ್ಲ, ಪುಕ್ಕಟೆ ಸಿಗುವುದೆಂದು ಅವಳೇ ಅಲ್ಲಿಂದ ತೆಗೆದುಕೊಂಡಿದ್ದಳು. ಬಸುರಿನ ಒಂಬತ್ತು ತಿಂಗಳು ಹೆಣ್ಣುಮಕ್ಕಳು ಹೇಗೆ ಕಾಳಜಿ ಮಾಡಿಕೊಳ್ಳಬೇಕು ಅನ್ನುವ ಪುಸ್ತಕ. ನನ್ನ ಕೈಯಲ್ಲಿ ಕತ್ತರಿ ಇತ್ತು, ಕೆಳಗಿಟ್ಟೆ. ಖುಷಿಗಿಂತ ಮೊದಲು ಹೆದರಿಕೆಯಾಯಿತು. ಅಣ್ಣನಾದವನು ತಿಳಿಯಬಾರದ ಸಂಗತಿ ಅದು. ಅವಳು ಯಾರಿಗೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದ ಸಂಗತಿ. ನಾನು ಆ್ಯಪ್ ಮುಚ್ಚಿದೆ. ಒಂದು ಕುಬಸದ ತೋಳು ಹಚ್ಚುವುದರೊಳಗೆ ಮತ್ತೆ ತೆರೆದೆ.

ಅಲ್ಲಿಂದ ನನಗೆ ನೆಮ್ಮದಿ ಹೋಯಿತು. ಪುಸ್ತಕದ ಹೆಸರಿನ ಕೆಳಗೆ ನೂರಕ್ಕೆ ಎಷ್ಟು ಓದಿದ್ದಾಳೆ ಎಂದು ಕಾಣುತ್ತಿತ್ತು. ಆ ಅಂಕಿ ಮೇಲೇರಿದರೆ ನನಗೆ ಉಸಿರು. ಒಂದು ದಿನ ಏರದಿದ್ದರೆ ಯಂತ್ರದ ಮೇಲೆ ಕಾಲು ಓಡುತ್ತಿರಲಿಲ್ಲ. ಮೊದಲ ತಿಂಗಳ ಅಧ್ಯಾಯದಲ್ಲಿ ಅವಳು ಎಷ್ಟೋ ಗೆರೆ ಎಳೆದಿದ್ದಳು: ಭಾರ ಎತ್ತುವುದು, ರಕ್ತ ಕಂಡರೆ ಏನು ಮಾಡುವುದು, ಹಿಂದೆ ಬಸುರು ಹೋದದ್ದಕ್ಕೆ ತಾಯಿಯ ತಪ್ಪು ಇರುವುದಿಲ್ಲ ಅನ್ನುವುದು. ಆ ಕೊನೆಯ ಸಾಲಿನ ಮೇಲೆ ಹಳದಿ ಎರಡು ಸಲ ಬಳಿದ ಹಾಗೆ ನನಗೆ ಕಂಡಿತು. ತಿಂಗಳಿಗೊಂದು ಅಧ್ಯಾಯದಂತೆ ಎರಡನೇ ತಿಂಗಳು ಮುಗಿಯಿತು. ಮೂರನೇ ತಿಂಗಳು ಶುರುವಾಯಿತು. ಅಲ್ಲಿ ನಿಂತಿತು.

ಒಂದು ವಾರ ಏರಲಿಲ್ಲ, ಮತ್ತೊಂದು ವಾರವೂ ಏರಲಿಲ್ಲ. ಮುಂಗಾರಿನ ಕೆಲಸ, ಸೋಯಾ ಬಿತ್ತಿಗೆ ನಡೆದಿರಬೇಕು, ಕೈ ಬಿಡುವಿಲ್ಲ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು. ಆದರೂ ಒಬ್ಬನೇ ಹೊತ್ತುಕೊಳ್ಳಲು ಆಗಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವ್ವನಿಗೆ ಅಂದುಬಿಟ್ಟೆ.

"ತಂಗೀಗೆ ಮೂರನೇ ತಿಂಗಳ ನಡದೈತಿ ಅಂತ ಕಾಣತೈತಿ ಬೇ. ನಾ ಹೇಳೀನಂತ ಹೇಳಬ್ಯಾಡ."

ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೆಯೇ ಹಿಡಿದು ಕೂತಳು. ನಿನಗೆ ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಅಳಿಯಂದಿರು ಫೋನ್ ಮಾಡಿದ್ದರೇನು ಅಂತ ತಾನೇ ಕೇಳಿ, ಅವರ ಹೊರತು ಮತ್ತ್ಯಾರು ಹೇಳಬೇಕು ಅಂತ ತಾನೇ ಉತ್ತರ ಕೊಟ್ಟುಕೊಂಡಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸಾರು ಹಾಕಿಸಿಕೊಂಡೆ.

ನಮ್ಮಲ್ಲಿ ಕಳ್ಳ ಕುಬಸ ಅಂತ ಒಂದು ಪದ್ಧತಿ. ಮೂರನೇ ತಿಂಗಳಲ್ಲಿ, ಊರಿಗೆ ತಿಳಿಯುವ ಮೊದಲು, ತವರಿನವರು ಸದ್ದಿಲ್ಲದೆ ಹೋಗಿ ಬಸುರಿಗೆ ಹಸಿರು ಕುಬಸ ತೊಡಿಸಿ ಉಡಿ ತುಂಬಿ ಸಿಹಿ ತಿನ್ನಿಸಿ ಬರುತ್ತಾರೆ. ಓಣಿಯವರನ್ನು ಕರೆಯುವುದಿಲ್ಲ, ಅದಕ್ಕೇ ಕಳ್ಳ ಅನ್ನುವ ಹೆಸರು. ಅವ್ವ ಕೂತಲ್ಲೇ ಎಲ್ಲ ಯೋಚಿಸಿದಳು. ಮಗಳು ಹೆದರಿ ಮುಚ್ಚಿಟ್ಟುಕೊಂಡಿದ್ದಾಳೆ, ಇದು ಹೇಗೂ ಮುಚ್ಚಿ ಮಾಡುವ ಕಾರ್ಯ, ಯಾರಿಗೂ ಗೊತ್ತಾಗುವುದಿಲ್ಲ. ಮಾಡದಿದ್ದರೆ ಮತ್ತೆ ಏನಾದರೂ ಆದೀತು ಅನ್ನುವ ಭಯ ಅವಳಿಗೆ. ಹಸಿರು ಖಣದ ಬಟ್ಟೆ ತಂದು ನನ್ನ ಮುಂದೆ ಇಟ್ಟಳು. ತಂಗಿಯ ಅಳತೆ ನನಗೆ ಬಾಯಿಪಾಠ. ಬಾಜುವಿಗೆ ಬಟ್ಟೆ ಹೆಚ್ಚು ಬಿಟ್ಟು ಹೊಲಿದೆ, ಮುಂದೆ ಬಿಚ್ಚಿಕೊಳ್ಳಲು ಬರಲೆಂದು. ಮೊದಲು ಒಂದು ಮಾತು ಅವಳನ್ನು ಕೇಳೋಣ ಅಂತ ಬಾಯಿಯ ತುದಿಗೆ ಬಂದಿತ್ತು. ಕೇಳಿದರೆ, ನನಗೆ ಹೇಗೆ ಗೊತ್ತಾಯಿತು ಅನ್ನುವುದು ಹೊರಬೀಳುತ್ತದೆ. ಕೇಳಲಿಲ್ಲ.

ಅವ್ವನೂ ನಾನೂ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ದುಮ್ಮವಾಡಕ್ಕೆ ಹೋದೆವು. ಆದಿತ್ಯವಾರ, ಅವಳ ಗಂಡನೂ ಮನೆಯಲ್ಲಿದ್ದ. ತಂಗಿ ಬಾಗಿಲಿಗೆ ಬಂದು, ಹೇಳದೆ ಬಂದಿರಲ್ಲ ಅಂದಳು. ಮುಖ ಸೊರಗಿತ್ತು. ಬಿತ್ತಿಗೆಯ ದಣಿವು ಅಂತ ಆಗಲೂ ಅಂದುಕೊಂಡೆ. ಅವಳ ಅತ್ತೆ ಚಹಾ ಕೊಟ್ಟು, ನಮ್ಮ ಕಡೆ ಮಳೆ ಹೇಗಿದೆ ಅಂತ ಕೇಳುತ್ತಾ ಪಡಸಾಲೆಯಲ್ಲಿ ಕೂತರು. ಅವ್ವ ಗಂಟು ಹಿಡಿದುಕೊಂಡು ಮಗಳನ್ನು ಒಳಕೋಣೆಗೆ ಕರೆದಳು.

ಒಳಗಿನಿಂದ ಅವ್ವನ ದನಿ, ಬ್ಯಾರೆ ಯಾರಿಗೂ ಗೊತ್ತಿಲ್ಲ ತೊಟ್ಕೋ ಅನ್ನುವುದು. ಆಮೇಲೆ ತಂಗಿ ಅಳುವ ಸದ್ದು. ನಾವು ಮೂವರೂ ಎದ್ದೆವು. ಬಾಗಿಲಲ್ಲಿ ನೋಡಿದರೆ ಹಸಿರು ಕುಬಸ ನೆಲದ ಮೇಲಿತ್ತು. ತಂಗಿ ಗೋಡೆಗೆ ಒರಗಿ ಕೂತಿದ್ದಳು.

"ಹೋಗೇತಿ ಬೇ," ಅಂದಳು ಅವ್ವನಿಗೆ. "ಎರಡು ವಾರದ ಮ್ಯಾಲಾತು. ಯಾರು ಹೇಳಿದ್ರು ನಿನಗ?"

"ಅಳಿಯಂದ್ರು ಇವಗ ಫೋನ್ ಮಾಡಿ ಹೇಳ್ಯಾರ," ಅಂದಳು ಅವ್ವ, ನನ್ನ ಕಡೆ ತೋರಿಸಿ.

ತಂಗಿ ಗಂಡನ ಕಡೆ ನೋಡಿದಳು. ಅವನು ನನ್ನ ಕಡೆ ನೋಡಿದ. ನಾ ಯಾರಿಗೂ ಹೇಳಿಲ್ಲ ಅಂದ. ಮತ್ತೆ ಯಾರು ಹೇಳಿದರು, ನಮ್ಮಿಬ್ಬರ ಹೊರತು ಇದು ಯಾರಿಗೂ ಗೊತ್ತಿರಲಿಲ್ಲವಲ್ಲ ಅಂತ ಅವಳು ಕೇಳಿದಳು. ಹಲ್ಲು ನೋವು ಅಂತ ಮನೆಯಲ್ಲಿ ಹೇಳಿ ಇಬ್ಬರೂ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬಂದಿದ್ದರಂತೆ. ಅವಳ ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಅವರು ಸಿಟ್ಟಾಗಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಮೆಲ್ಲಗೆ ಮಾತಾಡಿದರು.

"ಒಂದ ಒಲಿಮ್ಯಾಲಿಂದು ಉಣ್ಣತೇವಿ. ನನಗ ಹಲ್ಲು ಅಂದ್ರಿ. ಸಂಶ್ಯಾಗಿರೋ ಬೀಗ್ತಿಗೆ ಖರೇ ಗೊತ್ತೈತಿ."

ಅಲ್ಲಿ ನಾನು ಬಾಯಿ ತೆರೆಯಬೇಕಿತ್ತು. ಒಂದು ಮಾತು ಸಾಕಿತ್ತು. ನನ್ನ ಕೈಯಲ್ಲಿ ಚಹಾದ ಬಟ್ಟಲು ಇನ್ನೂ ಇತ್ತು, ಅದನ್ನು ಎಲ್ಲಿ ಇಡುವುದು ಅಂತ ಜಾಗ ಹುಡುಕುತ್ತಿದ್ದೆ. ಅವಳ ಗಂಡ ಮತ್ತೊಮ್ಮೆ ನನ್ನ ಮುಖ ನೋಡಿದ. ನಾನು ಜಾಗ ಹುಡುಕುತ್ತಲೇ ಇದ್ದೆ.

ಬಸ್ಸಿನಲ್ಲಿ ಬರುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ನಾನು ಜೇಬಿನಲ್ಲಿದ್ದ ಫೋನನ್ನು ಬಟ್ಟೆಯ ಮೇಲಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಂಕಿ ಯಾಕೆ ನಿಂತಿತ್ತು ಅನ್ನುವುದು ಆಗ ತಿಳಿಯಿತು. ಎಲ್ಲಿಯವರೆಗೆ ಓದಿದಳು ಅನ್ನುವುದನ್ನು ಅದು ಹೇಳಿತ್ತು. ಅವಳಿಗೆ ಏನಾಯಿತು ಅನ್ನುವುದನ್ನು ಹೇಳಿರಲಿಲ್ಲ. ಎಲ್ಲ ತಿಳಿದಿದೆ ಅನ್ನುವ ಹಾಗೆ ನಾನು ಹಸಿರು ಬಟ್ಟೆ ಕತ್ತರಿಸಿದ್ದೆ.

ನಾಲ್ಕಾರು ದಿನಕ್ಕೆ ಅವಳ ಗಂಡ ಫೋನ್ ಮಾಡಿದ. ಒಳ್ಳೆಯ ಮನುಷ್ಯ, ದನಿ ಏರಿಸುವವನಲ್ಲ. ಅವಳು ತನ್ನ ಜೊತೆ ಮಾತು ಬಿಟ್ಟಿದ್ದಾಳೆ, ತಾಟು ಮುಂದಿಟ್ಟು ಒಳಗೆ ಹೋಗುತ್ತಾಳೆ ಅಂದ.

"ಮಾಮಾ, ನಾ ನಿಮಗ ಹೇಳಿಲ್ಲ ಅನ್ನೂದು ನಿಮಗ ಗೊತ್ತೈತಿ. ಅದೊಂದು ಮಾತು ಆಕೀಗೆ ಹೇಳ್ರಿ. ನಿಮಗ ಯಾರು ಹೇಳಿದ್ರು ಅಂತ ನಾ ಕೇಳಂಗಿಲ್ಲ."

ಹೇಳುತ್ತೇನೆ ಅಂದೆ. ಫೋನಿಟ್ಟ ಮೇಲೆ ತಂಗಿಯ ನಂಬರು ತೆಗೆದು ನೋಡುತ್ತಾ ಕೂತೆ. ಗಿರಾಕಿ ಬಂದರು, ಆಮೇಲೆ ಮಾಡೋಣ ಅಂದುಕೊಂಡೆ. ಮರುದಿನವೂ ಗಿರಾಕಿ ಬಂದರು.

ಅಷ್ಟರಲ್ಲಿ ಫೋನಿಗೆ ಇನ್ನೊಂದು ಕಾಟ ಶುರುವಾಗಿತ್ತು. ಪುಸ್ತಕದ ಕಂಪನಿಯಿಂದ ಮೇಲ್ ಬಂತು. ನಿಮ್ಮ ಓದು ಮೂರನೇ ತಿಂಗಳಿನಲ್ಲಿ ನಿಂತಿದೆ, ಮುಂದುವರಿಸಿ ಎಂದು. ಜೊತೆಗೆ ನಗುವ ಕೂಸಿನ ಚಿತ್ರ. ಅಳಿಸಿ ಹಾಕಿದೆ. ಮತ್ತೆ ಬಂತು. ಮಗುವಿಗೆ ಇಡುವ ಹೆಸರುಗಳ ಪುಸ್ತಕ ಬೇಕೇ ಅಂತ ಕೇಳಿತು. ಹಾಡು ಕೇಳಲು ಹೋದರೆ ತೊಟ್ಟಿಲು, ಸುದ್ದಿ ನೋಡಲು ಹೋದರೆ ಕೂಸಿನ ಸಾಬೂನು. ಮದುವೆಯಾಗದ ಗಂಡಸಿನ ಫೋನಿನಲ್ಲಿ ಇವೆಲ್ಲ ಎಲ್ಲಿಂದ ಬಂದವು? ನನಗೊಬ್ಬನಿಗೇ ಅಲ್ಲ, ಇನ್ನು ಯಾರಿಗೋ ಅವಳ ಓದು ತಿಳಿಯುತ್ತಿತ್ತು.

ಊರಿನ ಶಾಲೆಯಲ್ಲಿ ಕಲಿಸುವ ಬಾಯಾರೊಬ್ಬರು ನನ್ನ ಕಾಯಂ ಗಿರಾಕಿ. ಅವರ ಹತ್ತಿರವೂ ಅಂಥ ಯಂತ್ರವಿದೆ. ಬೇರೆ ಯಾರದೋ ಸಂಗತಿ ಅನ್ನುವ ಹಾಗೆ ಅವರನ್ನು ಕೇಳಿದೆ. ಯಾವ ಪುಟ ತೆರೆದರು, ಎಷ್ಟು ಹೊತ್ತು ಅಲ್ಲಿಯೇ ನಿಂತರು, ಎಲ್ಲಿ ಗೆರೆ ಎಳೆದರು, ಎಲ್ಲಿ ಓದು ಬಿಟ್ಟರು ಎಲ್ಲವೂ ಕಂಪನಿಗೆ ಹೋಗುತ್ತದೆ ಅಂದರು. ನಮ್ಮ ಕಡೆ ಅಳಿಸಿದರೆ ಅವರ ಕಡೆ ಅಳಿಸಿದಂತಲ್ಲ ಅಂದರು. ಯಂತ್ರ ಆರಿಸಿಟ್ಟಾಗಲೂ ಅದರ ಪರದೆಯ ಮೇಲೆ ಜಾಹೀರಾತು ತೋರಿಸುವ ಮಾದರಿಗಳಿವೆ, ಓದಿದ್ದನ್ನು ನೋಡಿಕೊಂಡು ಜಾಹೀರಾತು ಕಳಿಸುತ್ತಾರೆ ಅಂತಲೂ ಹೇಳಿದರು. ನಾನು ತಂದದ್ದು ಅಂಥ ಮಾದರಿಯೇ. ಅಗ್ಗಕ್ಕೆ ಸಿಗುತ್ತದೆ ಅಂತ ಅಂಗಡಿಯವನು ಅದನ್ನೇ ಕೊಟ್ಟಿದ್ದ. ಅಂದರೆ ತಂಗಿ ಅದನ್ನು ಕೈಗೆತ್ತಿಕೊಂಡಾಗೆಲ್ಲ ಆ ಕೂಸಿನ ಚಿತ್ರ ಅವಳ ಮುಂದೆಯೂ ಬರುತ್ತಿರಬೇಕು.

ಬಾಯಾರು ಕುಬಸ ತೆಗೆದುಕೊಂಡು ಏಳುವಾಗ, ಯಾರದಾದರೂ ಆಗಲಿ, ಅವರಿಗೆ ಮೊದಲು ತಿಳಿಸಿರಿ ಅಂದರು. ಕಂಪನಿ ಕಂಪನಿ ಅಂತ ನಾನು ಆ ದಿನವೆಲ್ಲ ಮನಸ್ಸಿನಲ್ಲಿ ಬೈದೆ. ಬೈಯುವಾಗ ಸ್ವಲ್ಪ ಹಗುರ ಅನ್ನಿಸುತ್ತಿತ್ತು. ಆದರೆ ಕಂಪನಿ ಅವ್ವನಿಗೆ ಹೇಳಿರಲಿಲ್ಲ.

ಇಷ್ಟಾದರೂ ನಾನು ನೋಡುವುದನ್ನು ಬಿಡಲಿಲ್ಲ. ಅವಳು ಹೇಗಿದ್ದಾಳೆ ಅಂತ ಕೇಳುವ ಮುಖ ಇರಲಿಲ್ಲ, ನೋಡುವ ದಾರಿ ಒಂದೇ ಉಳಿದಿತ್ತು. ಕೆಲವು ದಿನ ಏನೂ ಇರಲಿಲ್ಲ. ಆಮೇಲೆ ಒಂದು ಸಣ್ಣ ಪುಸ್ತಕ ಬಂತು. ಗಂಡನಿಂದ ಬೇರೆಯಾಗುವ ಹೆಂಗಸಿಗೆ ಕಾಯ್ದೆಯಲ್ಲಿ ಏನೇನು ಹಕ್ಕಿದೆ ಅನ್ನುವ ಪುಸ್ತಕ. ಅವಳು ಅದನ್ನು ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಓದಿದ್ದಳು. ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಒಂದು ಸುಳ್ಳನ್ನು ನಾನು ತಿದ್ದದೆ ಬಿಟ್ಟದ್ದಕ್ಕೆ ಒಂದು ಸಂಸಾರ ಮುರಿಯುತ್ತಿದೆ ಅನ್ನಿಸಿತು. ಮರುಕ್ಷಣವೇ, ಹಿಂದಿನ ಸಲ ಹೀಗೆಯೇ ಅಂಕಿ ನೋಡಿ ಕುಬಸ ಹೊಲಿದದ್ದು ನೆನಪಾಯಿತು. ಇದೂ ನಾನು ತಿಳಿದದ್ದಲ್ಲದೆ ಬೇರೇನೋ ಇರಬಹುದು. ಇರಲಿಕ್ಕಿಲ್ಲ. ಇರಬಹುದು. ಯಂತ್ರದ ಮೇಲೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಯಾರನ್ನೂ ಕೇಳುವ ಹಾಗಿರಲಿಲ್ಲ, ಯಾಕೆಂದರೆ ಈ ಸಂಗತಿಯೂ ಕದ್ದದ್ದೇ. ಅಂಗಡಿಗೆ ಬೀಗ ಹಾಕಿ, ಅವ್ವನಿಗೆ ಹುಬ್ಬಳ್ಳಿಗೆ ನೂಲು ತರಲು ಅಂತ ಹೇಳಿ, ಬಸ್ ಹತ್ತಿದೆ.

ದುಮ್ಮವಾಡದಲ್ಲಿ ಇಳಿದಾಗ ತಂಗಿ ಹಿತ್ತಲಲ್ಲಿ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿ ಕೊಡ ಕೆಳಗಿಟ್ಟಳು. ಒಳಗೆ ಬಾ ಅನ್ನಲಿಲ್ಲ. ಈ ಸಲ ಏನು ಹೊಲಿದುಕೊಂಡು ಬಂದಿ ಎಂದು ಕೇಳಿದಳು. ನಾನು ಉತ್ತರ ಕೊಡದೆ ಫೋನ್ ತೆಗೆದು, ಆ್ಯಪ್ ತೆರೆದು, ಅವಳ ಕೈಯಲ್ಲಿಟ್ಟೆ. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾರಿಹೋಗಿದ್ದವು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನೀನೂ ಇವನ್ನೇ ಓದುತ್ತೀಯಾ ಅಂದಳು. ಆಮೇಲೆ ಹಳದಿ ಗೆರೆಗಳು ಕಂಡವು. ಬೆರಳಿನಿಂದ ಸರಿಸುತ್ತಾ ಹೋದಳು. ಒಂದು ಕಡೆ ನಿಲ್ಲಿಸಿ ನನಗೆ ತೋರಿಸಿ, ಇದನ್ನ ಓದಿದಿ ಅಂದಳು. ಹೂಂ ಅಂದೆ. ಇನ್ನೊಂದು ಕಡೆ ನಿಲ್ಲಿಸಿ, ಇದನ್ನೂ ಓದಿದಿ ಅಂದಳು. ಹೂಂ. ತಾಯಿಯ ತಪ್ಪು ಇರುವುದಿಲ್ಲ ಅನ್ನುವ ಸಾಲಿಗೆ ಬಂದಾಗ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಡ ಹೇಳಿರಲಿಲ್ಲ ಅನ್ನುವುದು ಅವಳಿಗೆ ಅಲ್ಲಿಯೇ ತಿಳಿದಿರಬೇಕು. ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡಳು.

ಆಮೇಲೆ ಸೆರಗು ಸರಿಸಿ ಅಂದಳು.

"ಈ ಗೆರಿ ಎಳಿಯೋ ಮುಂದ ನಾ ಒಬ್ಬಾಕೀನ ಇದ್ದೀನಿ ಅಂತ ತಿಳದಿದ್ದೆ ಅಣ್ಣ. ಈ ಮನ್ಯಾಗ ಅದೊಂದು ಜಾಗಾ ಇತ್ತು ನನಗ."

ನನ್ನ ಬಾಯಿಂದ ಕಾಯ್ದೆಯ ಪುಸ್ತಕದ ಮಾತು ಬಂತು. ಬೇರೆ ಹೋಗುವ ವಿಚಾರವಿದ್ದರೆ, ಅದು ನನ್ನಿಂದ ಆದದ್ದು, ಅವನದು ತಪ್ಪಿಲ್ಲ ಅಂತ ತೊದಲಿದೆ. ಅವಳು ಫೋನನ್ನು ನನ್ನ ಅಂಗಿಯ ಜೇಬಿಗೆ ತುರುಕಿದಳು.

"ಅದನ್ನ ಯಾಕ ಓದಿದೆ ಅಂತ ನಿನಗ ಹೇಳಂಗಿಲ್ಲ. ಕೇಳಬ್ಯಾಡ."

ಇಂದಿಗೂ ನಾನು ಕೇಳಿಲ್ಲ. ಅವಳು ಹೇಳಿಲ್ಲ.

ಅವಳ ಗಂಡನ ಗಾಡಿಯ ಸದ್ದು ಅಂಗಳದಲ್ಲಿ ಕೇಳಿತು. ತಂಗಿ ಮುಖ ತೊಳೆದುಕೊಂಡು, ನನ್ನ ಮುಂದೆ ಹೇಳಿದರೆ ಸಾಲದು, ಅವರಿಬ್ಬರ ಮುಂದೆ ಹೇಳು ಅಂದು ಮುಂದೆ ನಡೆದಳು. ಪಡಸಾಲೆಯಲ್ಲಿ ಅವಳ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ಅವಳ ಗಂಡ ಚಪ್ಪಲಿ ಬಿಡುತ್ತಿದ್ದವನು ನನ್ನನ್ನು ನೋಡಿ, ಯಾವಾಗ ಬಂದ್ರಿ ಮಾಮಾ, ಕೂಡ್ರಿ ಅಂದ. ನಾನು ಕೂರಲಿಲ್ಲ. ತಂಗಿ ಒಳಬಾಗಿಲಿಗೆ ಒರಗಿ ನಿಂತಳು. ನೀರು ಕೊಡುವುದಕ್ಕೂ ಯಾರೂ ಏಳಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಿಂತಲ್ಲೇ ಹೇಳಿದೆ.

"ಅವ್ವಗ ಹೇಳಿದಾಂವ ನಾನ ರೀ. ಇವರು ನನಗ ಏನೂ ಹೇಳಿದ್ದಿಲ್ಲ. ಆಕಿ ಓದೂದೆಲ್ಲಾ ನನ್ನ ಫೋನಿನ್ಯಾಗ ಕಾಣತಿತ್ತು. ಆಕೀಗೆ ತಿಳಿಸದ ನೋಡಿಕೋತ ಬಂದೆ. ಅವತ್ತ ಇವರ ಮ್ಯಾಲೆ ಬಂದಾಗ ಇಲ್ಲೇ ನಿಂತು ಬಾಯಿ ಮುಚ್ಚಿಕೊಂಡೆ. ನನ್ನ ತಪ್ಪಾಗೇತಿ. ನಿಮ್ಮಿಬ್ಬರಿಗೂ ಕೈ ಮುಗದು ಕ್ಷಮಾ ಕೇಳತೀನ್ರಿ. ತಂಗಿ, ನಿನಗ ಎಲ್ಲಾರಕಿಂತ ದೊಡ್ಡ ತಪ್ಪು ಮಾಡೀನಿ. ನನ್ನ ಕ್ಷಮಾ ಮಾಡವಾ."